ಮಾಲೀಶಿನ ಅವಧಿ 30, 60, 90 ನಿಮಿಷ ಅಂತ ನಿಗದಿ ಮಾಡಿದ್ದು ಯಾರು?

ಪ್ರಶ್ನೆ: ಕುತೂಹಲಿ_ಕೆ

ಯಾವ ಮಾಲೀಶು ಕೇಂದ್ರದ ಪಟ್ಟಿ ನೋಡಿದರೂ ಅದೇ ಅಂಕಿ: 30, 60, 90. ಕೆಲವು ಕಡೆ 60 ಅಂತ ಬರೆದು ಕೆಳಗೆ ಸಣ್ಣಕ್ಷರದಲ್ಲಿ "ಮೇಜಿನ ಮೇಲೆ 50 ನಿಮಿಷ" ಅಂತಿರುತ್ತೆ. ಕುರ್ಚಿಯಲ್ಲಿ ಕೂರಿಸಿ ಮಾಡುವುದು 15 ನಿಮಿಷ. ಸ್ನಾಯು ಸಡಿಲವಾಗೋಕೆ ಇಷ್ಟೇ ಹೊತ್ತು ಬೇಕು ಅನ್ನೋ ಲೆಕ್ಕ ಏನಾದರೂ ಇದೆಯಾ, ಅಥವಾ ಗಡಿಯಾರದ ಮುಖ ನೋಡಿ ಹಂಚಿಕೊಂಡದ್ದಾ? ಹಳೇ ಕಾಲದಲ್ಲಿ, ಅಂದರೆ ಗ್ರೀಸ್, ರೋಮ್, ಆಯುರ್ವೇದ, ಜಪಾನ್‌ಗಳಲ್ಲಿ ಎಷ್ಟು ಹೊತ್ತು ಮಾಡುತ್ತಿದ್ದರು? ಇನ್ನೊಂದು, ಬರೀ ಕುತ್ತಿಗೆ ನೋವಿಗೆ 30 ನಿಮಿಷ ಸಾಕಾ? ತಿಳಿದವರು ವಿವರವಾಗಿ ಬರೆದರೆ ಉಪಕಾರ.

---

ಉತ್ತರ 1: ಹಳೇಪುಟ

ಈ ಅಂಕಿಗಳೆಲ್ಲ ಒಂದೇ ಕಡೆಯಿಂದ ಬಂದವಲ್ಲ. ಮೊದಲು ತಿಳಿಯಬೇಕಾದ್ದು, ಹಳಬರು ಮಾಲೀಶನ್ನ ನಿಮಿಷದಲ್ಲಿ ಅಳೆಯುತ್ತಲೇ ಇರಲಿಲ್ಲ.

ಹಿಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ಬರಹಗಳಲ್ಲಿ ಇರೋದು ಗುಣದ ಮಾತು: ಗಟ್ಟಿಯಾಗಿ ತಿಕ್ಕಿದರೆ ಮೈ ಬಿಗಿಯುತ್ತೆ, ಮೆತ್ತಗೆ ತಿಕ್ಕಿದರೆ ಸಡಿಲವಾಗುತ್ತೆ, ಬಹಳ ತಿಕ್ಕಿದರೆ ಮೈ ಇಳಿಯುತ್ತೆ, ಹದವಾಗಿ ತಿಕ್ಕಿದರೆ ತುಂಬಿಕೊಳ್ಳುತ್ತೆ. 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಇದನ್ನೇ ಕೋಷ್ಟಕ ಮಾಡಿದ. ಒತ್ತಡದಲ್ಲಿ ಮೂರು (ಗಟ್ಟಿ, ಮೆತ್ತನೆ, ಹದ), ಪ್ರಮಾಣದಲ್ಲಿ ಮೂರು (ಕಡಿಮೆ, ಹೆಚ್ಚು, ಹದ), ಒಟ್ಟು ಒಂಬತ್ತು ಬಗೆ. "ಹೆಚ್ಚು" ಅಂದರೆ ಎಷ್ಟು ಅನ್ನೋದು ಮೈ ನೋಡಿ ಹೇಳಬೇಕಾದ್ದು.

ಅಂಕಿ ಸಿಗೋದು 1ನೇ ಶತಮಾನದ ರೋಮನ್ ಲೇಖಕ ಸೆಲ್ಸಸ್‌ನಲ್ಲಿ. ಅದೂ ತಮಾಷೆಯಾಗಿದೆ. ಇಷ್ಟೇ ಸಲ ತಿಕ್ಕಬೇಕು ಅಂತ ಎಣಿಕೆ ಹೇಳುವವರ ಮಾತಿಗೆ ಬೆಲೆ ಕೊಡಬೇಡಿ ಅಂತ ಶುರು ಮಾಡಿ, ತಾನೇ ಎಣಿಕೆ ಕೊಡುತ್ತಾನೆ: ತೀರಾ ಬಲಹೀನನಿಗೆ 50 ಸಲ ಸಾಕು, ಗಟ್ಟಿಮುಟ್ಟಾದವನಿಗೆ 200 ಸಲ, ಇವೆರಡರ ನಡುವೆ ಅವರವರ ಶಕ್ತಿಯಂತೆ. ಮಕ್ಕಳಿಗೂ ಮುದುಕರಿಗೂ ಇನ್ನೂ ಕಡಿಮೆ. ಒಂದು ನೀವುವಿಕೆಗೆ 3 ಸೆಕೆಂಡ್ ಹಿಡಿದರೆ 50 ಅಂದರೆ ಎರಡೂವರೆ ನಿಮಿಷ, 200 ಅಂದರೆ 10 ನಿಮಿಷ. ನಮ್ಮ ಇವತ್ತಿನ "ಅರ್ಧ ಗಂಟೆ"ಯ ಹತ್ತಿರಕ್ಕೂ ಬರಲ್ಲ.

ಅವರಿಗೆ "60 ನಿಮಿಷ" ಅನ್ನೋದೇ ಅರ್ಥವಾಗುತ್ತಿರಲಿಲ್ಲ. ರೋಮನ್ನರು ಹಗಲನ್ನ 12 ಪಾಲು ಮಾಡುತ್ತಿದ್ದರು. ಚಳಿಗಾಲದ ಒಂದು ಗಂಟೆ ಈಗಿನ ಸುಮಾರು 45 ನಿಮಿಷ, ಬೇಸಿಗೆಯದ್ದು ಸುಮಾರು 75. ಜಪಾನಿನಲ್ಲೂ ಹೀಗೇ ಹಿಗ್ಗಿ ಕುಗ್ಗುವ ಹೊತ್ತಿನ ಲೆಕ್ಕ 1873ರವರೆಗೆ ನಡೆಯಿತು. ಎದೋ ಕಾಲದಲ್ಲಿ (1603ರಿಂದ 1868) ಬೀದಿಯಲ್ಲಿ ಸೀಟಿ ಊದಿಕೊಂಡು ಬರುತ್ತಿದ್ದ, ಅಂಮಾ ಅನ್ನೋ ಜಪಾನಿನ ಹಳೇ ಮಾಲೀಶು ಮಾಡುವ ಅಂಧರು ಕೂಲಿ ಕೇಳುತ್ತಿದ್ದದ್ದು "ಮೇಲೂ ಕೆಳಗೂ", ಅಂದರೆ ಇಡೀ ಮೈಗೆ ಇಷ್ಟು ಅಂತ. ಗಂಟೆಗೆ ಇಷ್ಟು ಅಂತಲ್ಲ.

ಇನ್ನು ಯುರೋಪು. ಸ್ಟಾಕ್‌ಹೋಮ್‌ನಲ್ಲಿ 1813ರಲ್ಲಿ ವ್ಯಾಯಾಮ ಸಂಸ್ಥೆ ಕಟ್ಟಿದ ಪರ್ ಹೆನ್ರಿಕ್ ಲಿಂಗ್‌ನ ಪದ್ಧತಿಯಲ್ಲಿ ರೋಗಿಗೆ ಸಿಗುತ್ತಿದ್ದದ್ದು ಚಲನೆಗಳ ಪಟ್ಟಿ. ಒಂದಾದ ಮೇಲೆ ಒಂದು ಮಾಡಿ, ನಡುವೆ ವಿಶ್ರಾಂತಿ, ಪಟ್ಟಿ ಮುಗಿದರೆ ಅವತ್ತಿನ ಚಿಕಿತ್ಸೆ ಮುಗೀತು. ಇವತ್ತು "ಸ್ವೀಡಿಷ್ ಮಾಲೀಶು" ಅನ್ನೋದರ ನೀವುವಿಕೆ, ನಾದುವಿಕೆ, ತಿಕ್ಕುವಿಕೆ, ತಟ್ಟುವಿಕೆಗಳನ್ನ ವಿಂಗಡಿಸಿ ಜನಪ್ರಿಯ ಮಾಡಿದ್ದು ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್. ಆತ ಕೈ ಹಾಕುತ್ತಿದ್ದದ್ದು ನೋವಿರುವ ಕೀಲಿಗೆ, ಇಡೀ ಮೈಗಲ್ಲ.

ಒಂದು ಗಂಟೆ ಬರೋದು ಇಲ್ಲಿ. ಫಿಲಡೆಲ್ಫಿಯಾದ ನರವೈದ್ಯ ಸೈಲಸ್ ವೇರ್ ಮಿಚೆಲ್ 1870ರ ದಶಕದಲ್ಲಿ "ವಿಶ್ರಾಂತಿ ಚಿಕಿತ್ಸೆ" ಅಂತ ಶುರು ಮಾಡಿದ. ರೋಗಿ ಆರರಿಂದ ಎಂಟು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ, ಹಾಲು ಮುಖ್ಯ ಆಹಾರ, ಸ್ನಾಯುಗಳಿಗೆ ವಿದ್ಯುತ್ ಸ್ಪರ್ಶ, ದಿನಾ ಮಾಲೀಶು. ಮಲಗಿದಲ್ಲೇ ಇರುವವರ ಸ್ನಾಯು ಕರಗಬಾರದು, ಅವರ ಶಕ್ತಿಯೂ ಖರ್ಚಾಗಬಾರದು, ಅದಕ್ಕೆ ವ್ಯಾಯಾಮದ ಬದಲು ಮಾಲೀಶು. ಅವನ 1877ರ ಪುಸ್ತಕದಲ್ಲಿ ಕ್ರಮ ಸ್ಪಷ್ಟವಾಗಿದೆ: ಎರಡು ಊಟಗಳ ನಡುವಿನ ಹೊತ್ತು ಆರಿಸಿಕೊಳ್ಳಬೇಕು, ಪಾದದಿಂದ ಶುರು ಮಾಡಬೇಕು, ಮೊದಮೊದಲು ಅರ್ಧ ಗಂಟೆ, ಬರಬರುತ್ತಾ ಒಂದು ಗಂಟೆಗೆ ಏರಿಸಬೇಕು. ನೀವು ಕೇಳಿದ 30 ಮತ್ತು 60 ಎರಡೂ ಒಂದೇ ವಾಕ್ಯದಲ್ಲಿ ಸಿಕ್ಕವು ನೋಡಿ. ಆದರೆ ಅವನಿಗೆ ಅವು ಎರಡು ಬೇರೆ ಸರಕಲ್ಲ, ಒಂದೇ ಏಣಿಯ ಕೆಳಗಿನ ಮೆಟ್ಟಿಲು ಮತ್ತು ಮೇಲಿನ ಮೆಟ್ಟಿಲು. ದಿನಾ ತೆಗೆದುಕೊಂಡು ಒಗ್ಗಿದವರಿಗೆ ಒಂದು ಗಂಟೆ. ಮೊದಲ ದಿನವೇ ಒಂದು ಗಂಟೆ ಅನ್ನೋದು ಆಮೇಲಿನವರ ಸೇರ್ಪಡೆ.

1880ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ಲೇಫೇರ್ ಈ ಚಿಕಿತ್ಸೆಯನ್ನ ಇಂಗ್ಲೆಂಡಿಗೆ ತಂದ. ಮನೆಮನೆಗೆ ಹೋಗಿ ದಿನಾ ಗಂಟೆಗಟ್ಟಲೆ ಕೈಕೆಲಸ ಮಾಡುವವರಿಗೆ ಬೇಡಿಕೆ ಎದ್ದಿತು, ತರಬೇತಿ ಹೆಸರಲ್ಲಿ ಅಡ್ಡಕಸುಬಿಗಳೂ ಎದ್ದರು. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ಹಗರಣವನ್ನ ಬಯಲಿಗೆಳೆದಾಗ ನಾಲ್ವರು ದಾದಿಯರು ಸೇರಿ ತರಬೇತಾದ ಮಾಲೀಶಿನವರ ಸಂಘ ಕಟ್ಟಿದರು. ಇವತ್ತಿನ ಬ್ರಿಟಿಷ್ ಫಿಸಿಯೋಥೆರಪಿ ಸಂಸ್ಥೆಯ ಮೂಲ ಅದೇ. ಮಾಲೀಶು ಹೀಗೆ ಹೊತ್ತು ಗೊತ್ತು ಮಾಡಿಕೊಂಡು ನಡೆಸುವ ವೃತ್ತಿಯಾಯಿತು. ಹೊತ್ತು ಗೊತ್ತು ಮಾಡುವ ಪುಸ್ತಕದಲ್ಲಿ ಗೆರೆ ಎಳೆಯೋದು ಗಂಟೆಗೊಂದು, ಅರ್ಧ ಗಂಟೆಗೊಂದು. ಮಿಚೆಲ್‌ನ ಅಂಕಿ ಆ ಗೆರೆಗಳಿಗೆ ಸರಿಯಾಗಿ ಕೂತದ್ದರಿಂದಲೇ ಅಷ್ಟು ಗಟ್ಟಿಯಾಗಿ ಉಳಿಯಿತು ಅನ್ನೋದು ನನ್ನ ಅಂದಾಜು.

---

ಉತ್ತರ 2: ತೈಲಮಾತ್ರೆ

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. ಹಳಬರು ಹೊತ್ತು ಅಳೆಯಲೇ ಇಲ್ಲ ಅನ್ನೋದು ಆಯುರ್ವೇದದ ಮಟ್ಟಿಗೆ ಸರಿಯಲ್ಲ. ಅಲ್ಲಿ ಗಡಿಯಾರ ಇಲ್ಲ, ಆದರೆ ಮಾತ್ರೆ ಇದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ ಅಂತ ಶಾಲೆಯಲ್ಲಿ ಕಲಿತದ್ದೇ: ಒಂದು ಹ್ರಸ್ವ ಸ್ವರ ಉಚ್ಚರಿಸುವಷ್ಟು, ಅಥವಾ ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು.

ಸುಶ್ರುತ ಸಂಹಿತೆಗೆ ಟೀಕೆ ಬರೆದ ಡಲ್ಹಣ, ಎಣ್ಣೆ ಯಾವ ಧಾತುವಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೆ ಅಂತ ಮಾತ್ರೆಯಲ್ಲಿ ಕೊಡುತ್ತಾನೆ. ಕೂದಲ ಬುಡಕ್ಕೆ 300, ಚರ್ಮಕ್ಕೆ 400, ರಕ್ತಕ್ಕೆ 500, ಮಾಂಸಕ್ಕೆ 600, ಮೇದಸ್ಸಿಗೆ 700, ಮೂಳೆಗೆ 800, ಮಜ್ಜೆಗೆ 900. ಈಗಿನ ಪಠ್ಯಗಳು ಒಂದು ಮಾತ್ರೆಗೆ ಸುಮಾರು 0.32 ಸೆಕೆಂಡ್ ಹಿಡಿಯುತ್ತವೆ. ಆ ಲೆಕ್ಕದಲ್ಲಿ 300 ಮಾತ್ರೆ ಅಂದರೆ ಒಂದೂವರೆ ನಿಮಿಷ, 900 ಅಂದರೆ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ.

"ಹಾಗಾದರೆ ಅಭ್ಯಂಗ ಐದೇ ನಿಮಿಷವಾ?" ಅಂತ ಕೇಳುವವರು ಎಡವೋದು ಇಲ್ಲೇ. ಇದನ್ನ ಚಿಕಿತ್ಸಾಲಯಗಳು ಇಡೀ ಮೈಯ ಲೆಕ್ಕ ಅಂತ ಓದಲ್ಲ, ಒಂದು ಭಂಗಿಯ ಲೆಕ್ಕ ಅಂತ ಓದುತ್ತವೆ. ಪಂಚಕರ್ಮದಲ್ಲಿ ಅಭ್ಯಂಗಕ್ಕೆ ಏಳು ಭಂಗಿ: ಕಾಲು ಚಾಚಿ ಕೂತು, ಅಂಗಾತ, ಒಂದು ಮಗ್ಗುಲು, ಬೋರಲು, ಇನ್ನೊಂದು ಮಗ್ಗುಲು, ಮತ್ತೆ ಅಂಗಾತ, ಕೊನೆಗೆ ಕೂತು. ಕ್ರಮ ಪರಂಪರೆಯಿಂದ ಪರಂಪರೆಗೆ ಸ್ವಲ್ಪ ಹೆಚ್ಚುಕಡಿಮೆ. ಭಂಗಿಗೆ ಐದು ನಿಮಿಷ ಅಂದರೆ 35. ಎಣ್ಣೆ ಬಿಸಿ ಮಾಡೋದು, ನೆತ್ತಿಗೆ ಹಚ್ಚೋದು, ಭಂಗಿ ಬದಲಿಸೋದು ಸೇರಿ 45. ಆಯುರ್ವೇದ ಕೇಂದ್ರಗಳಲ್ಲಿ 45 ನಿಮಿಷ ಅಂತ ಕಾಣೋದು ಇದರಿಂದ. 60ನ್ನ ಕತ್ತರಿಸಿದ್ದಲ್ಲ.

ಶಿರೋಬಸ್ತಿಯ ಲೆಕ್ಕ ಇನ್ನೂ ಸ್ವಾರಸ್ಯ. ತಲೆಯ ಮೇಲೆ ಚರ್ಮದ ಪಟ್ಟಿ ಕಟ್ಟಿ, ಉದ್ದಿನ ಹಿಟ್ಟಿನಿಂದ ಸಂದು ಮುಚ್ಚಿ, ಉಗುರುಬೆಚ್ಚಗಿನ ಎಣ್ಣೆ ನಿಲ್ಲಿಸೋದು. ಆಯುರ್ವೇದದ ಹಳೇ ಗ್ರಂಥಕಾರ ವಾಗ್ಭಟನ ಪ್ರಕಾರ ವಾತದ ತೊಂದರೆಗೆ 10,000 ಮಾತ್ರೆ, ಪಿತ್ತಕ್ಕೆ 8,000, ಕಫಕ್ಕೆ 6,000, ಆರೋಗ್ಯವಂತನಿಗೆ 1,000. ಅದೇ 0.32ರ ಲೆಕ್ಕದಲ್ಲಿ 53 ನಿಮಿಷ, 43, 32, ಮತ್ತು ಐದು ನಿಮಿಷ ಚಿಲ್ಲರೆ. ಅಂದರೆ ಒಂದೇ ಚಿಕಿತ್ಸೆಗೆ ಐದು ನಿಮಿಷವೂ ಉಂಟು, ಹೆಚ್ಚುಕಡಿಮೆ ಒಂದು ಗಂಟೆಯೂ ಉಂಟು, ಯಾರಿಗೆ ಅನ್ನೋದರ ಮೇಲೆ. ಮೂಗಿನಿಂದಲೋ ಬಾಯಿಂದಲೋ ನೀರೂರೋಕೆ ಶುರುವಾದರೆ ಮಾತ್ರೆ ಉಳಿದಿದ್ದರೂ ಎಣ್ಣೆ ತೆಗೆಯಬೇಕು. ಎಣಿಕೆಗಿಂತ ಲಕ್ಷಣ ದೊಡ್ಡದು.

ಒಂದು ಎಚ್ಚರಿಕೆ. ಮಾತ್ರೆಯನ್ನ ಒಂದು ಸೆಕೆಂಡ್ ಅಂತ ಹಿಡಿದವರೂ ಇದ್ದಾರೆ. ಹಾಗೆ ಮಾಡಿದರೆ 10,000 ಮಾತ್ರೆ ಎರಡೂಮುಕ್ಕಾಲು ಗಂಟೆಯಾಗುತ್ತೆ. ಕಣ್ಣು ಮಿಟುಕಿಸಲು ಒಂದು ಸೆಕೆಂಡ್ ಬೇಡ, ಆದ್ದರಿಂದ ಆ ಪರಿವರ್ತನೆ ನಿಲ್ಲಲ್ಲ.

---

ಕುತೂಹಲಿ_ಕೆ

ಇಬ್ಬರಿಗೂ ಧನ್ಯವಾದ. ಮಿಚೆಲ್‌ನ ವಿಷಯ ಹೊಸದು. ಆದರೆ 15 ಮತ್ತು 50 ಇನ್ನೂ ಉಳಿದುಕೊಂಡವು. 90 ಯಾಕೆ, 80 ಯಾಕಲ್ಲ?

---

ಉತ್ತರ 3: ಬಿಲ್_ಬರೆಯುವವ

15ಕ್ಕೆ ಎರಡು ಬೇರು.

ಒಂದು ವಿಮೆ. ಅಮೆರಿಕದ ವೈದ್ಯಕೀಯ ಬಿಲ್ಲಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತೆ. ಮಾಲೀಶಿನದ್ದು 97124, ಅದರ ಅಳತೆ 15 ನಿಮಿಷದ ಘಟಕ. ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್ "ಎಂಟು ನಿಮಿಷದ ನಿಯಮ" ಇಟ್ಟಿದೆ: ಕೈಯಿಟ್ಟು ಮಾಡಿದ ಹೊತ್ತು 8ರಿಂದ 22 ನಿಮಿಷವಿದ್ದರೆ ಒಂದು ಘಟಕ, 23ರಿಂದ 37 ಎರಡು, 38ರಿಂದ 52 ಮೂರು, 53ರಿಂದ 67 ನಾಲ್ಕು. 7 ನಿಮಿಷಕ್ಕೆ ಏನೂ ಇಲ್ಲ. ಈಗ ಲೆಕ್ಕ ಹಾಕಿ: 37ನೇ ನಿಮಿಷಕ್ಕೆ ನಿಲ್ಲಿಸಿದವನಿಗೂ 23ಕ್ಕೆ ನಿಲ್ಲಿಸಿದವನಿಗೂ ಸಿಗುವ ಹಣ ಒಂದೇ. ಇಂಥ ಪದ್ಧತಿಯಲ್ಲಿ ಅವಧಿ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಹೇಳಬೇಕಾಗಿಲ್ಲ. ಬಟ್ಟೆ ಬದಲಿಸುವ ಹೊತ್ತು, ಟಿಪ್ಪಣಿ ಬರೆಯುವ ಹೊತ್ತು ಇದರಲ್ಲಿ ಸೇರಲ್ಲ.

ಜರ್ಮನಿಯಲ್ಲಿ ವೈದ್ಯರು ಬರೆದುಕೊಡುವ ಸಾಮಾನ್ಯ ಮಾಲೀಶಿಗೆ ಸಾರ್ವಜನಿಕ ವಿಮೆ ಇಟ್ಟಿರುವ ಅವಧಿ 15ರಿಂದ 20 ನಿಮಿಷ. ಬಾವು ಇಳಿಸುವ ದುಗ್ಧರಸ (ಲಿಂಫ್) ಮಾಲೀಶಿಗೆ ಮಾತ್ರ 30, 45, 60 ಅಂತ ಮೂರು ಮೆಟ್ಟಿಲು, ಬಾವು ಎಷ್ಟು ಭಾಗಕ್ಕೆ ಹರಡಿದೆ ಅನ್ನೋದರ ಮೇಲೆ. ಅಲ್ಲಿ ಮಾಲೀಶು ಅಂದರೆ ಬೆನ್ನಿಗೆ 20 ನಿಮಿಷ, ಅಷ್ಟೇ. ಅದೇ ಜರ್ಮನ್ ಸ್ಪಾದಲ್ಲಿ ಸ್ವಂತ ದುಡ್ಡು ಕೊಟ್ಟರೆ ಮತ್ತೆ 60. ಕೈ ಅದೇ, ಸ್ನಾಯು ಅದೇ, ಹಣ ಕೊಡುವವರು ಮಾತ್ರ ಬೇರೆ.

ಇನ್ನೊಂದು ಬೇರು ಕುರ್ಚಿ. ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಪಾಮರ್ 1980ರ ದಶಕದಲ್ಲಿ ಜಪಾನೀ ಅಂಮಾದ ಒತ್ತುವ ಕ್ರಮವನ್ನ ಕಚೇರಿಗಳಿಗೆ ಹೊಂದಿಸಿದರು, 1986ರಲ್ಲಿ ಅದಕ್ಕೆಂದೇ ಮುಖ ಇಡುವ ಗೂಡಿರುವ ಕುರ್ಚಿ ಬಂತು. ಬಟ್ಟೆ ಬಿಚ್ಚಬೇಕಿಲ್ಲ, ಎಣ್ಣೆ ಬೇಡ, ಉದ್ಯೋಗಿ ಚಹಾ ವಿರಾಮದಲ್ಲಿ ಎದ್ದು ಬಂದು ವಾಪಸ್ ಹೋಗಬೇಕು. ಅದಕ್ಕೆ 15-20 ನಿಮಿಷ. ಮುಂದಕ್ಕೆ ಬಾಗಿ ಎದೆ ಒತ್ತಿಕೊಂಡು ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಉಸಿರೂ ಇಕ್ಕಟ್ಟು, ಎದ್ದಾಗ ಕೆಲವರಿಗೆ ತಲೆಸುತ್ತೂ ಬರುತ್ತೆ.

---

ಉತ್ತರ 4: ಅಂಗೈ_ಬಿಸಿ

50 ಮತ್ತು 90 ಅರ್ಥವಾಗಬೇಕಾದರೆ ಮೇಜಿನ ಪಕ್ಕ ನಿಂತು ನೋಡಬೇಕು.

ಗಂಟೆಗೊಬ್ಬರಂತೆ ಹೊತ್ತು ಕೊಟ್ಟಿದ್ದರೆ, ಒಬ್ಬರು ಹೋಗಿ ಇನ್ನೊಬ್ಬರು ಮಲಗುವ ನಡುವೆ ಆಗಬೇಕಾದ ಕೆಲಸ: ಹೋಗುವವರು ಬಟ್ಟೆ ಹಾಕಿಕೊಳ್ಳೋದು, ಹಾಸು-ಹೊದಿಕೆ ಮತ್ತು ಮುಖದ ದಿಂಬಿನ ಕವಚ ಬದಲಿಸೋದು, ಮೇಜು ಮತ್ತು ಎಣ್ಣೆ ಬಾಟಲಿ ಒರೆಸೋದು, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯೋದು, ಬರುವವರ ಹತ್ತಿರ ನೋವು-ಔಷಧಿ ವಿಚಾರಿಸೋದು. ಎಷ್ಟೇ ಚುರುಕಾದರೂ 10 ನಿಮಿಷ. 60ರಲ್ಲಿ 10 ಕಳೆದರೆ 50. ಮನಶ್ಶಾಸ್ತ್ರದವರ 50 ನಿಮಿಷದ "ಗಂಟೆ"ಯೂ ಇದೇ ಜಾತಿಯದ್ದು. ಪಟ್ಟಿಯಲ್ಲಿ "80 ನಿಮಿಷ" ಅಂತ ಕಂಡರೆ ಅದು 90ರದ್ದೇ ಪ್ರಾಮಾಣಿಕ ರೂಪ. ಹಾಗಾಗಿ 80 ಇಲ್ಲವೇ ಇಲ್ಲ ಅಂತಲ್ಲ.

ಮೇಜಿನ ಮೇಲೆ ಪೂರ್ತಿ 60 ಸಿಕ್ಕಿದಾಗ ಇಡೀ ಮೈಗೆ ಹಂಚಿಕೆ ಸುಮಾರು ಹೀಗೆ: ಬೆನ್ನು 20, ಕಾಲುಗಳ ಹಿಂಬದಿ ಎರಡೂ ಸೇರಿ 12, ತಿರುಗಿ ಮಲಗಲು 1, ಕಾಲುಗಳ ಮುಂಬದಿ 10, ಎರಡು ತೋಳು 8, ಕುತ್ತಿಗೆ-ಭುಜ-ತಲೆ 9. ಎಲ್ಲೂ ನಿಂತು ಕೆಲಸ ಮಾಡಲು ಜಾಗ ಇಲ್ಲ. 50 ಆದ ಕೂಡಲೇ ಮೊದಲು ಕತ್ತರಿ ಬೀಳೋದು ತೋಳಿಗೆ ಮತ್ತು ಕಾಲಿನ ಮುಂಬದಿಗೆ. 90 ಇದ್ದರೆ ಬೆನ್ನಿಗೆ 30, ಕಾಲಿನ ಹಿಂಬದಿಗೆ 16, ತಿರುಗಲು 2, ಮುಂಬದಿಗೆ 14, ತೋಳಿಗೆ 12, ಹೊಟ್ಟೆಗೆ 4, ಕುತ್ತಿಗೆ-ತಲೆಗೆ 12. ಇಡೀ ಮೈಯೂ ಆಯಿತು, ಒಂದು ಕಡೆ ನಿಂತು ಬಿಡಿಸಲು ಹತ್ತು ನಿಮಿಷವೂ ಸಿಕ್ಕಿತು. ಈ ಅಂಕಿಗಳಲ್ಲಿ ಮೈಯನ್ನ ಕೇಳಿ ಇಟ್ಟದ್ದು ಅಂತ ಯಾವುದಾದರೂ ಇದ್ದರೆ ಅದು 90 ಅಂತ ನನ್ನ ಅಭಿಪ್ರಾಯ. ಥಾಯ್ ಪದ್ಧತಿಯವರು ಇನ್ನೂ ಮುಂದೆ ಹೋಗಿ ಎರಡು ಗಂಟೆ ತೆಗೆದುಕೊಳ್ಳೋದು ಕಾಲಿನ ಸೆನ್ ರೇಖೆಗಳನ್ನ (ಶಕ್ತಿ ಹರಿಯುವ ಹಾದಿ ಅಂತ ಅವರು ನಂಬುವ ಗೆರೆಗಳು) ಒತ್ತಿ, ಆಮೇಲೆ ಕೈಕಾಲು ಎಳೆದು ಬಾಗಿಸುವ ಭಾಗವೂ ಇರೋದರಿಂದ.

ಕೆಡೋದು ಎಲ್ಲಿ? ಹೆಚ್ಚಾಗಿ ಬೆನ್ನಲ್ಲಿ. ಕಲಿತು ಹೊಸದಾಗಿ ಬಂದವರು 35ನೇ ನಿಮಿಷದಲ್ಲೂ ಬೆನ್ನಿನ ಮೇಲೇ ಇರುತ್ತಾರೆ, ಕುತ್ತಿಗೆಗೆ ಬರೋ ಹೊತ್ತಿಗೆ ಮೂರು ನಿಮಿಷ ಉಳಿದಿರುತ್ತೆ. ಅಷ್ಟು ಹೊತ್ತು ಬೋರಲು ಮಲಗಿದವರಿಗೆ ಮೂಗು ಕಟ್ಟುತ್ತೆ, ಹಣೆಯ ಮೇಲೆ ದಿಂಬಿನ ಅಚ್ಚು ಬೀಳುತ್ತೆ, ನೋವಿಲ್ಲದ ಕುತ್ತಿಗೆಯೂ ಹಿಡಿಯುತ್ತೆ. 60ರದ್ದಾದರೆ 30-35 ನಿಮಿಷದೊಳಗೆ ತಿರುಗಿಸಬೇಕು.

ಎರಡನೆಯದು, ಹೊತ್ತು ಕಡಿಮೆ ಅಂತ ಮೊದಲ ನಿಮಿಷಕ್ಕೇ ಮೊಣಕೈ ಇಳಿಸೋದು. ಸ್ನಾಯು ಬಿಗಿದು ಎದುರು ನಿಲ್ಲುತ್ತೆ, ಒತ್ತಿದಷ್ಟೂ ಗಟ್ಟಿ. ಇಡೀ ಅಂಗೈಯಿಂದ ನಿಧಾನವಾಗಿ ಐದಾರು ನಿಮಿಷ ನೀವಿದ ಮೇಲೆ ಅದೇ ಜಾಗ ಅರ್ಧ ಒತ್ತಡಕ್ಕೇ ಬಿಡುತ್ತೆ. ಈ ಐದಾರು ನಿಮಿಷ 30ರಲ್ಲೂ ಬೇಕು, 90ರಲ್ಲೂ ಬೇಕು. ಅದಕ್ಕೇ 30 ನಿಮಿಷದ ಸೆಷನ್ 60ರ ಅರ್ಧ ಅಲ್ಲ, ಅರ್ಧಕ್ಕಿಂತ ಕಡಿಮೆ.

ಮೂರನೆಯದು, ಹೊತ್ತಿದೆ ಅಂತ ಒಂದೇ ಗಂಟಿನ ಮೇಲೆ ಹೆಬ್ಬೆರಳು ಊರಿ ನಿಲ್ಲೋದು. ಎರಡು-ಮೂರು ನಿಮಿಷಕ್ಕೆ ಬಿಡದಿದ್ದರೆ ಬೇರೆ ಕಡೆ ಹೋಗಿ ಆಮೇಲೆ ಬರಬೇಕು, ಇಲ್ಲದಿದ್ದರೆ ಮಾರನೇ ದಿನ ಮುಟ್ಟೋಕಾಗದ ಹಾಗೆ ನೋಯುತ್ತೆ. ಬ್ರಿಟಿಷ್ ವೈದ್ಯ ಜೇಮ್ಸ್ ಸೀರಿಯಾಕ್ಸ್‌ನ ಅಡ್ಡ ತಿಕ್ಕುವಿಕೆ ಮಾತ್ರ ಅಪವಾದ: ಸ್ನಾಯುರಜ್ಜುವಿಗೆ ಅಡ್ಡಲಾಗಿ, ಎಣ್ಣೆಯಿಲ್ಲದೆ, ಬೆರಳೂ ಚರ್ಮವೂ ಒಟ್ಟಿಗೆ ಸರಿಯುವಂತೆ, ಆ ಜಾಗದ ನೋವು ಮಂಕಾದ ಮೇಲೆ ಸುಮಾರು 10 ನಿಮಿಷ. ಅದನ್ನೂ ದಿನಾ ಅಲ್ಲ, ಒಂದು ದಿನ ಬಿಟ್ಟು ಒಂದು ದಿನ.

---

ಉತ್ತರ 5: ಹಳೇಪುಟ

ಮಾತ್ರೆಯ ತಿದ್ದುಪಡಿ ಒಪ್ಪಿದೆ. ಕುತ್ತಿಗೆಯ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ, ಆದ್ದರಿಂದ ಮತ್ತೆ ಬಂದೆ.

ಅವಧಿಯನ್ನೇ ಪರೀಕ್ಷೆಗಿಟ್ಟ ಅಧ್ಯಯನಗಳು ಬಂದದ್ದು ತೀರಾ ಈಚೆಗೆ. 2014ರಲ್ಲಿ ಪ್ರಕಟವಾದ ಒಂದರಲ್ಲಿ ದೀರ್ಘಕಾಲದ ಕುತ್ತಿಗೆ ನೋವಿನ 228 ಜನರನ್ನ ಗುಂಪು ಮಾಡಿ ನಾಲ್ಕು ವಾರ ನೋಡಿದರು: 30 ನಿಮಿಷ ವಾರಕ್ಕೆ ಎರಡು ಅಥವಾ ಮೂರು ಸಲ, 60 ನಿಮಿಷ ವಾರಕ್ಕೆ ಒಂದು, ಎರಡು ಅಥವಾ ಮೂರು ಸಲ, ಇನ್ನೊಂದು ಗುಂಪಿಗೆ ಏನೂ ಇಲ್ಲ. 30 ನಿಮಿಷದ ಗುಂಪುಗಳಿಗೂ ಸುಮ್ಮನೆ ಕಾದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 60 ನಿಮಿಷ, ವಾರಕ್ಕೆ ಎರಡು-ಮೂರು ಸಲ ಪಡೆದವರಿಗೆ ಗುಣ ಕಂಡಿತು. 2012ರಲ್ಲಿ ಮಂಡಿ ಸವೆತದ 125 ಜನರ ಮೇಲೆ ನಡೆದದ್ದರಲ್ಲೂ ಎಂಟನೇ ವಾರಕ್ಕೆ 60 ನಿಮಿಷವೇ ಮುಂದಿತ್ತು. ಆದರೆ 24ನೇ ವಾರಕ್ಕೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು.

ಇದರಿಂದ "ಉದ್ದ ಇದ್ದಷ್ಟೂ ಒಳ್ಳೇದು" ಅಂತ ಹಿಡಿಯಬೇಡಿ. ಅವಧಿ ತುಂಬದೆ ಹುಟ್ಟಿದ ಮಕ್ಕಳ ಮೇಲೆ 1986ರಲ್ಲಿ ಟಿಫನಿ ಫೀಲ್ಡ್ ತಂಡ ಮಾಡಿದ ಕೆಲಸದಲ್ಲಿ ಒಂದು ಸಲಕ್ಕೆ 15 ನಿಮಿಷ, ದಿನಕ್ಕೆ ಮೂರು ಸಲ, ಹತ್ತು ದಿನ. ಆ 15ರಲ್ಲಿ ಮೊದಲ 5 ನಿಮಿಷ ನೀವೋದು, ನಡುವಿನ 5 ಕೈಕಾಲು ಮಡಿಸಿ ಚಾಚಿಸೋದು, ಕೊನೆಯ 5 ಮತ್ತೆ ನೀವೋದು. ಮೈಯ ಒಂದು ಭಾಗಕ್ಕೆ ಒಂದು ನಿಮಿಷ, ನಿಮಿಷಕ್ಕೆ 12 ಸಲ. ಮಾಲೀಶು ಪಡೆದ ಮಕ್ಕಳ ದಿನದ ತೂಕ ಏರಿಕೆ ಉಳಿದವರಿಗಿಂತ 47% ಹೆಚ್ಚಿತ್ತು. ಇಲ್ಲಿ ಫಲ ಕೊಟ್ಟದ್ದು ಚಿಕ್ಕ ಅವಧಿ, ಮತ್ತೆ ಮತ್ತೆ.

ನಿಮ್ಮ ಕುತ್ತಿಗೆಗೆ ಬಂದರೆ: ನೋವು ಹಳೆಯದಾಗಿದ್ದರೆ 60 ನಿಮಿಷವೇ ತೆಗೆದುಕೊಳ್ಳಿ, ಆದರೆ ಇಡೀ ಮೈ ಬೇಡ, ಕುತ್ತಿಗೆ, ಭುಜ, ಮೇಲ್ಬೆನ್ನು, ಎದೆಯ ಮುಂಭಾಗಕ್ಕೆ ಮಾತ್ರ ಅಂತ ಹೊತ್ತು ಗೊತ್ತು ಮಾಡುವಾಗಲೇ ಹೇಳಿ. ಮಲಗಿದ ಮೇಲೆ ಹೇಳಿದರೆ ಅಷ್ಟರಲ್ಲಿ ಅವರ ಲೆಕ್ಕ ಹಾಕಿಯಾಗಿರುತ್ತೆ. ಮೇಜಿನ ಮೇಲೆ ಎಷ್ಟು ನಿಮಿಷ ಅನ್ನೋದನ್ನೂ ಆಗಲೇ ಕೇಳಿ. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ನೋಡಿ, ಅಷ್ಟರಲ್ಲಿ ತಿರುಗಿಸುವಾಗಿನ ನೋವು ಕಡಿಮೆಯಾಗದಿದ್ದರೆ, ಅಥವಾ ತೋಳಿಗೆ ಜೋಮು ಇಳಿಯುತ್ತಿದ್ದರೆ, ಅವಧಿ ಹೆಚ್ಚಿಸುವ ಬದಲು ವೈದ್ಯರಿಗೆ ತೋರಿಸಿ.

---

ತೈಲಮಾತ್ರೆ

ಒಂದು ಮಾತು ಸೇರಿಸ್ತೀನಿ. ಆ 2014ರ ಅಧ್ಯಯನದಲ್ಲಿ 30 ಮತ್ತು 60 ಮಾತ್ರ ಇದ್ದವು. 40, 45ನ್ನ ಅಲ್ಲಿ ಪರೀಕ್ಷಿಸಲೇ ಇಲ್ಲ. ಮಿಚೆಲ್‌ನ ಏಣಿಯ ಎರಡು ತುದಿಗಳನ್ನೇ ತೆಗೆದುಕೊಂಡು ಹೋಲಿಸಿದ ಹಾಗಾಯಿತು. 45 ನಿಮಿಷ ಕುತ್ತಿಗೆ-ಭುಜಕ್ಕಷ್ಟೇ ಸಿಗುವ ಕಡೆ ಇದ್ದರೆ ಅದನ್ನ ಕಡಿಮೆ ಅಂತ ಬಿಡಬೇಡಿ, ಕೆಲಸ ಮಾಡುವವರ ಹೆಬ್ಬೆರಳೂ ಅಷ್ಟು ಹೊತ್ತಿಗೇ ಸೋಲೋಕೆ ಶುರುವಾಗಿರುತ್ತೆ.